ಕಲ್ಲಿನ ಬಳ್ಳಿ ಮತ್ತು ಕಾಣುವ ಕಣ್ಣು

ಕಣ್ಣು ಎಲ್ಲರಿಗೂ ಉಂಟು. ಕಾಣುವದು ಮಾತ್ರ ಎಲ್ಲರಿಗೂ ಕೈಗೂಡಿದ ವಿದ್ಯೆಯಲ್ಲ. ಮನೆಯ ಮುಂದಿನ ಬೇವಿನ ಮರವು ಎಂದು ಚಿಗುರಿತು, ಎಂದು ಹೂ ಬಿಟ್ಟಿತು ಎಂಬುದನ್ನು ಅದರ ನೆರಳಿನಲ್ಲಿಯೇ ಬೆಳೆದು ದೊಡ್ಡವನಾದವನು ಹೇಳಲಾರನು. ಆ ದಾರಿಯಲ್ಲಿ ಒಂದೇ ಸಲ ನಡೆದುಹೋದ ಪಥಿಕನಾದರೋ, ಬೇವಿನ ಹೂವಿನ ಪರಿಮಳವನ್ನು ಹತ್ತು ವರುಷಗಳ ತರುವಾಯವೂ ನೆನೆಯುತ್ತಾನೆ. ಮೊದಲನೆಯವನಿಗೆ ಆ ಮರವು ತನ್ನದೆಂಬ ಭಾವವಿದೆ. ಎರಡನೆಯವನಿಗೆ ಅಂಥ ಭಾವವಿಲ್ಲ. ತನ್ನದೆಂದುಕೊಂಡದ್ದನ್ನು ಮನುಷ್ಯನು ಎಣಿಕೆಗೆ ತಂದುಕೊಂಡು ಸುಮ್ಮನಾಗುತ್ತಾನೆ; ತನ್ನದಲ್ಲದ್ದನ್ನು ನಿಂತು ನೋಡುತ್ತಾನೆ. ಶರಣರು ಜಂಗಮಕ್ಕೆ ಅಷ್ಟು ದೊಡ್ಡ ಸ್ಥಾನವನ್ನು ಕೊಟ್ಟುದರಲ್ಲಿ ಈ ಅರ್ಥವೂ ಅಡಗಿದೆಯೆಂದು ತಿಳಿಯಬೇಕು. ನೆಲೆ ನಿಲ್ಲದೆ ನಡೆಯುವವನ ಕಣ್ಣಿಗೆ ಮಮಕಾರದ ಪೊರೆ ಬರುವದಿಲ್ಲ.

ನೋಡುವದೂ ಒಂದು ಪೂಜೆಯೆಂಬುದು ವೀರಶೈವ ಸಿದ್ಧಾಂತದ ವಿಶೇಷ. ಇಂದ್ರಿಯಗಳನ್ನು ಕೊಂದು ದೇವರನ್ನು ಕಾಣಬೇಕೆಂದು ಶರಣರು ಹೇಳಲಿಲ್ಲ. ಇಂದ್ರಿಯಗಳಿಗೆ ಬಂದ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ, ಅದನ್ನೇ ಪ್ರಸಾದವೆಂದು ಸ್ವೀಕರಿಸಬೇಕೆಂದು ಹೇಳಿದರು. ಪದಾರ್ಥದ ರೂಪವು ಇಷ್ಟಲಿಂಗಕ್ಕೆ, ರುಚಿಯು ಪ್ರಾಣಲಿಂಗಕ್ಕೆ, ತೃಪ್ತಿಯು ಭಾವಲಿಂಗಕ್ಕೆ ಅರ್ಪಿತವಾಗತಕ್ಕದ್ದು. ಷಡ್ವಿಧ ಲಿಂಗಗಳಲ್ಲಿ ಶಿವಲಿಂಗಕ್ಕೆ ನೇತ್ರವೇ ಮುಖವೆಂದು ಶಾಸ್ತ್ರವು ಹೇಳುತ್ತದೆ. ಹಾಗಿರಲು, ಒಂದು ಚೆಲುವಾದ ವಸ್ತುವನ್ನು ಮನವಿಟ್ಟು ನೋಡುವದು ಬರಿಯ ವಿನೋದವಾಗಲಾರದು. ಕಂಡ ರೂಪವು ಎಲ್ಲಿಗೆ ಹೋಗಿ ಮುಟ್ಟಿತು, ಅದರ ರುಚಿಯು ಮನಸ್ಸಿನಲ್ಲಿ ಏನನ್ನು ಮಾಡಿತು, ಕಟ್ಟಕಡೆಗೆ ಯಾವ ತೃಪ್ತಿ ಉಳಿಯಿತು, ಈ ಮೂರನ್ನೂ ಭಕ್ತನು ತನ್ನಲ್ಲಿಯೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಒಂದು ದೃಷ್ಟಾಂತದಿಂದ ಈ ವಿಷಯವು ಸ್ಪಷ್ಟವಾಗುವದು.

ಹುಬ್ಬಳ್ಳಿಯ ಕೇಶ್ವಾಪುರವು ಹೋಗಿಬರುವವರ ಊರು. ರೈಲುನಿಲ್ದಾಣವು ಅದರ ಮಗ್ಗುಲಲ್ಲಿಯೇ ಇದೆ. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. 2020ರಲ್ಲಿ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮಿಗಳ ಹೆಸರನ್ನಿಟ್ಟರು. 2023ರಲ್ಲಿ ಅಲ್ಲಿಯ 1507 ಮೀಟರ್ ಉದ್ದದ ಪ್ಲಾಟಫಾರ್ಮು ಲೋಕಕ್ಕೆಲ್ಲ ಉದ್ದವಾದುದೆಂದು ಪ್ರಸಿದ್ಧಿಗೆ ಬಂದಿತು. ಇಂಥ ಕೇಶ್ವಾಪುರದಲ್ಲಿ, ವ್ಯಾಪಾರದ ನಿಮಿತ್ತ ಬಂದು ಬಂಧುಗಳ ಮನೆಯಲ್ಲಿ ಇಳಿದುಕೊಂಡ ಒಬ್ಬ ಲಿಂಗವಂತ ಪಥಿಕನನ್ನು ಭಾವಿಸಬಹುದು. ಕೆಲಸವು ಬೆಳಗಿನಲ್ಲಿಯೇ ಮುಗಿದಿದೆ. ಮರಳಿ ಹೋಗುವ ಗಾಡಿ ಸಂಜೆಗೆ. ನಡುವಿನ ಹೊತ್ತು ಕಳೆಯಬೇಕಲ್ಲ! ಕೆಲವೇ ಕಿಲೋಮೀಟರು ದೂರದ ಉಣಕಲ್ಲಿನಲ್ಲಿ ಚಂದ್ರಮೌಳೀಶ್ವರನ ಹಳೆಯ ಗುಡಿಯಿದೆ, ನೋಡಿಕೊಂಡು ಬರ್ರಿ ಎಂದು ಮನೆಯ ಹಿರಿಯರು ಹೇಳುತ್ತಾರೆ.

ಪಥಿಕನಿಗೆ ಮನಸ್ಸಿಲ್ಲ. ಅವನ ಅನುಮಾನವು ಅಲ್ಲಗಳೆಯತಕ್ಕದ್ದೂ ಅಲ್ಲ. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಕಲ್ಲುಗುಡಿಯ ಹಂಗೇಕೆ? ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಗುಡಿಯಿಂದ ಬಿಡಿಸಿ ಭಕ್ತನ ಅಂಗೈಗೆ ತಂದರು. ಸಿರಿವಂತರು ಕಟ್ಟಿಸಿದ ಶಿವಾಲಯದ ಎದುರಿಗೆ ಬಸವಣ್ಣನವರು ಬಡವನ ಶರೀರವನ್ನೇ ನಿಲ್ಲಿಸಿ, ಗುಡಿಯ ಒಂದೊಂದು ಅವಯವವನ್ನು ಅದರಲ್ಲಿಯೇ ತೋರಿಸಿಕೊಟ್ಟರು. ಕಟ್ಟಿ ನಿಲ್ಲಿಸಿದುದು ಒಂದು ದಿನ ಬಿದ್ದುಹೋಗುವದೆಂದೂ ನಡೆಯುವ ಚೈತನ್ಯಕ್ಕೆ ಬೀಳುವಿಕೆಯಿಲ್ಲವೆಂದೂ ಸಾರಿದರು. ಈ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವನು, ಅರಸರ ಕಾಲದ ಕಲ್ಲುಕಟ್ಟಡವನ್ನು ನೋಡಿ ಮೆಚ್ಚಿದರೆ ತನ್ನ ನಿಷ್ಠೆಗೆ ಊನ ಬಂದೀತೋ ಏನೋ ಎಂದು ಹಿಂಜರಿಯುವದು ಸಹಜವೇ ಸರಿ. ಆದರೂ ಹಿರಿಯರ ಮಾತು ಮೀರಲಾರದೆ ಅವನು ಹೊರಡುತ್ತಾನೆ.

ಉಣಕಲ್ಲಿನ ಗುಡಿಯು ಬಯಲಿನಲ್ಲಿಲ್ಲ. ಓಣಿಯ ಮನೆಗಳು ಅದನ್ನು ಒತ್ತೊತ್ತಾಗಿ ಸುತ್ತುವರಿದಿವೆ. ಹತ್ತಿರಕ್ಕೆ ಬರುವತನಕ ಅಲ್ಲೊಂದು ಗುಡಿಯಿದೆಯೆಂಬುದೇ ಹೊಸಬನಿಗೆ ಗೊತ್ತಾಗುವದಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿಗೆ ಸುಮಾರು ಒಂಬೈನೂರು ವರುಷಗಳಾಗಿವೆ. ಈಗ ಅದು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಒಳಗೆ ನಾಲ್ಕು ಮುಖಗಳುಳ್ಳ ಚತುರ್ಮುಖ ಲಿಂಗವೊಂದುಂಟು. ಪಥಿಕನು ಲಿಂಗದ ಬಳಿಗೆ ಹೋಗುವ ಮೊದಲೇ ಬಾಗಿಲಲ್ಲಿ ನಿಂತುಬಿಡುತ್ತಾನೆ. ಬಾಗಿಲುವಾಡದ ಬುಡದಿಂದ ಒಂದು ಬಳ್ಳಿಯು ಮೇಲೇರಿದೆ. ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಾಗಿ, ಬಾಗಿದಲ್ಲೆಲ್ಲ ಒಂದು ಸುರುಳಿಯನ್ನು ಬಿಟ್ಟು, ಸುರುಳಿಯೊಳಗೆ ಎಲೆಯನ್ನು ಮಡಿಸಿಕೊಂಡು ಏರುತ್ತದೆ. ಹೊಲದ ಬೇಲಿಯ ಮೇಲೆ ಹಬ್ಬುವ ಬಳ್ಳಿಯನ್ನು ನೋಡಿದವರಿಗೆ ಆ ನಡೆಯು ಹೊಸತಲ್ಲ. ಬೆಳೆಯುವ ವಸ್ತುವು ನೇರವಾಗಿ ಓಡುವದಿಲ್ಲ. ಆಸರೆಯನ್ನು ಹುಡುಕುತ್ತ, ತಡೆದು, ತಿರುಗಿ, ಮತ್ತೆ ಮುಂದುವರಿಯುತ್ತದೆ. ಕಲ್ಲಿನಲ್ಲಿ ಈ ಹುಡುಕಾಟವು ಹೇಗೆ ಬಂದಿತು? ಪಥಿಕನು ಗಾಡಿಯ ಹೊತ್ತನ್ನು ಮರೆಯುತ್ತಾನೆ.

ಅವನ ಬೆರಗಿಗೆ ಕಾರಣವಾದ ವಿದ್ಯೆಯು ಎಂಥದೆಂಬುದನ್ನು ಸ್ವಲ್ಪ ವಿಚಾರಿಸತಕ್ಕದ್ದಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಮೊದಲಿನ ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರು. ಅದರ ಕಣವು ದೊಡ್ಡದು. ಅದರಲ್ಲಿ ಭವ್ಯವಾದ ಆಕಾರಗಳು ಮೂಡುತ್ತವೆ, ಕೂದಲೆಳೆಯಂಥ ಕುಸುರಿ ನಿಲ್ಲುವದು ಕಷ್ಟ. ಹನ್ನೊಂದನೆಯ ಶತಮಾನದಿಂದೀಚೆಗೆ ಲಕ್ಕುಂಡಿ, ಗದಗ, ಹುಬ್ಬಳ್ಳಿಗಳ ಸೀಮೆಯಲ್ಲಿ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಯ ನಯವಾದ ಶಿಲೆಗೆ ಕೈಯಿಕ್ಕಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವದು ಅದರ ಗುಣ. ಭೂಗರ್ಭಶಾಸ್ತ್ರಜ್ಞರು ಈ ನಾಡಿನ ಪುರಾತನ ಶಿಲಾಸ್ತರಗಳಿಗೆ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ. ಅವುಗಳ ವಯಸ್ಸು 250 ಕೋಟಿ ವರುಷಗಳಿಗೂ ಮಿಕ್ಕಿದ್ದು. ಅಂಥ ಕಲ್ಲನ್ನು ಆರಿಸಿ, ತಿರುಗಣೆಗೆ ಹೂಡಿ, ಕಂಬಗಳನ್ನು ಕನ್ನಡಿಯಂತೆ ನುಣುಪಾಗಿಸಿದರು. ಆ ಕಂಬಗಳ ಗಂಟೆಯಾಕಾರದ ನಡುವನ್ನೂ ಕತ್ತಿಯಂಚಿನಂಥ ಬಳೆಗಳನ್ನೂ ನೋಡಿದರೆ ಕಲ್ಲು ಕುಂಬಾರನ ಮಣ್ಣಿನಂತೆ ಮಾತು ಕೇಳಿತೇನೋ ಎಂದು ತೋರುತ್ತದೆ.

ಇದಕ್ಕಿಂತಲೂ ಮನನೀಯವಾದುದು ಶಿಲ್ಪಿಗಳ ನುಡಿ. ಗುಡಿಯ ಅಂಗಗಳಿಗೆ ಅವರು ಇಟ್ಟ ಹೆಸರುಗಳನ್ನು ಒಮ್ಮೆ ನೆನೆದು ನೋಡಬೇಕು. ಅಧಿಷ್ಠಾನದ ಒಂದು ಪಟ್ಟಿಗೆ ಪದ್ಮವೆಂದು ಹೆಸರು. ಉರುಟಾದ ಮತ್ತೊಂದಕ್ಕೆ ಕುಮುದವೆಂದು ಹೆಸರು, ಅದು ನೀರಿನ ನೈದಿಲೆ. ಮುಂದಕ್ಕೆ ಬಾಗಿದ ಚಾಚುಪಟ್ಟಿಯು ಕಪೋತ, ಎಂದರೆ ಪಾರಿವಾಳ. ಬಾಗಿಲುವಾಡದ ಒಂದೊಂದು ಪಟ್ಟಿಯೂ ಶಾಖೆ, ಎಂದರೆ ಮರದ ಕೊಂಬೆ; ಮೂರು ಕೊಂಬೆಗಳದು ತ್ರಿಶಾಖೆ, ಐದರದು ಪಂಚಶಾಖೆ. ಪಟ್ಟದಕಲ್ಲಿನ ಗಳಗನಾಥ ಗುಡಿಯಂಥ ಉತ್ತರದ ಶೈಲಿಯ ಶಿಖರಗಳ ತುದಿಯಲ್ಲಿ ಕುಳಿತದ್ದು ಆಮಲಕ. ನಮ್ಮ ನೆಲ್ಲಿಯ ಕಾಯಿಯೇ ಅದು, ಅದರ ಹೋಳುಗಳ ಗೆರೆಗಳೂ ಬಿಟ್ಟಿಲ್ಲ. ಶಿಖರವೆಂಬುದೇ ಬೆಟ್ಟದ ಹೆಸರು. ಒಳಗಿನ ಕತ್ತಲೆಯ ಕೋಣೆಯು ಗರ್ಭಗೃಹ. ಅದು ತಾಯ ಒಡಲಿನ ಹೆಸರು. ಇಟಗಿಯಂಥ ಗುಡಿಗಳ ಅಗಲವಾದ ಚಾಚುಗಳ ಅಡಿಯಲ್ಲಿ ಮರದ ಗಳುಗಳಂತೆ ಕಲ್ಲಿನ ಏಣುಗಳನ್ನು ಬಿಡಿಸಿದ್ದಾರೆ. ಮರದಿಂದ ಕಟ್ಟುತ್ತಿದ್ದ ಕಾಲವನ್ನು ಕಲ್ಲು ಮರೆತಿಲ್ಲ. ಹೀಗೆ ಬುಡದಿಂದ ತುದಿಯವರೆಗೆ ಗುಡಿಯು ಸೃಷ್ಟಿಯಿಂದ ಕಡ ತಂದುದೇ ಆಗಿದೆ.

ಇನ್ನೊಂದು ಕಡವೂ ಇದೆ. ಶಿಲ್ಪಶಾಸ್ತ್ರದಲ್ಲಿ ಗುಡಿಗೆ ಪಾದವುಂಟು, ಜಂಘೆಯುಂಟು, ಗ್ರೀವವುಂಟು, ಶಿರವುಂಟು. ಹೂವು ಕಾಯಿ ಹಕ್ಕಿ ಬೆಟ್ಟಗಳಿಂದ ತಂದ ಅಲಂಕಾರವನ್ನು ಶಿಲ್ಪಿಯು ಮನುಷ್ಯನ ಮೈಯ ಮೇಲೆಯೇ ತೊಡಿಸಿದನು. ಇದನ್ನು ತಿಳಿದ ಬಳಿಕ ಬಸವಣ್ಣನವರ ವಚನದ ಗಾಂಭೀರ್ಯವು ಇಮ್ಮಡಿಯಾಗುತ್ತದೆ. ಶರೀರವನ್ನು ಗುಡಿಗೆ ಹೋಲಿಸಿ ಅವರು ಬರಿಯ ಉಪಮೆಯನ್ನು ಕಟ್ಟಲಿಲ್ಲ; ಶಿಲ್ಪಿಯು ಶರೀರದಿಂದ ತೆಗೆದುಕೊಂಡು ಹೋದುದನ್ನು ಶರೀರಕ್ಕೆ ಮರಳಿಸಿದರು. ಮೂಲವನ್ನು ಮರೆತು ಪ್ರತಿಯನ್ನು ಪೂಜಿಸುತ್ತಿದ್ದ ಲೋಕಕ್ಕೆ ಮೂಲವನ್ನು ತೋರಿಸಿದರು. ಆದುದರಿಂದ ಗುಡಿಯ ಚೆಲುವನ್ನು ಮೆಚ್ಚುವದು ವಚನಕ್ಕೆ ವಿರೋಧವೆಂದು ಭಾವಿಸಬೇಕಾದ ಕಾರಣವಿಲ್ಲ. ಮೆಚ್ಚಿ ಅಲ್ಲಿಯೇ ನಿಂತುಬಿಡುವದು ವಿರೋಧ. ಕಡ ಕೊಟ್ಟವರನ್ನು ನೆನೆಯದಿರುವದು ವಿರೋಧ.

ಉದ್ದೇಶವಿಲ್ಲದೆ ಬಂದು ಈ ಚೆಲುವಿಗೆ ಸೋತವರು ಹಿಂದೆಯೂ ಇದ್ದರು. ಮೆಡೋಸ್ ಟೇಲರ್ ಎಂಬ ಆಂಗ್ಲನು 1808ರಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬಯಿಯ ಒಬ್ಬ ವ್ಯಾಪಾರಿಯ ಅಂಗಡಿಯ ಕೆಲಸಕ್ಕೆಂದು ಹಡಗು ಹತ್ತಿದವನು. ಆ ಕೆಲಸವು ನೆಲೆ ನಿಲ್ಲದೆ ನಿಜಾಮನ ಸೈನ್ಯವನ್ನು ಸೇರಿ, ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ಹಲವು ವರುಷ ನೋಡಿಕೊಂಡನು. ಅದೇ 1808ರಲ್ಲಿ ಹುಟ್ಟಿದ ಜೇಮ್ಸ್ ಫರ್ಗುಸನ್ನನು ಬಂಗಾಲದಲ್ಲಿ ನೀಲಿಯ ವ್ಯಾಪಾರ ಮಾಡಿದವನು. ಹಣ ಗಳಿಸಲು ಬಂದು, ತಿರುಗಾಡುತ್ತ ಕಟ್ಟಡಗಳನ್ನು ನೋಡಿ, ಉಳಿದ ಆಯುಷ್ಯವನ್ನು ವಾಸ್ತುವಿನ ಅಭ್ಯಾಸಕ್ಕೇ ಕೊಟ್ಟನು. ಈ ಇಬ್ಬರೂ ಸೇರಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುವನ್ನು ಕುರಿತು ಬರೆದ, ಛಾಯಾಚಿತ್ರಗಳುಳ್ಳ ದೊಡ್ಡ ಗ್ರಂಥವು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇಲ್ಲಿಯ ಕಂಬಬಾಗಿಲುಗಳ ಕೆತ್ತನೆಯನ್ನು ಬೆಳ್ಳಿಬಂಗಾರದ ಕುಸುರಿಯೂ ಮೀರಲಾರದೆಂಬ ಅಭಿಪ್ರಾಯವನ್ನು ಟೇಲರನು ಅದರಲ್ಲಿ ಬರೆದಿಟ್ಟನು. ಅವನು ಆಳುವ ಜನಾಂಗದವನು. ಈ ನಾಡಿನ ದೇವರಲ್ಲಿ ಅವನಿಗೆ ಭಕ್ತಿಯಿರಲಿಲ್ಲ. ಆದರೂ ಕಲ್ಲಿನ ಬಳ್ಳಿಯ ಎದುರಿಗೆ ಅವನ ಕಣ್ಣು ತಗ್ಗಿತು. ದೊರೆತನದ ಬಿಂಕವನ್ನು ಕಳೆಯುವ ಶಕ್ತಿಯು ಆ ಹೆಸರರಿಯದ ಶಿಲ್ಪಿಯ ಕೈಯಲ್ಲಿ ಇದ್ದಿತೆಂಬುದು ಸಣ್ಣ ಮಾತಲ್ಲ.

ಸೃಷ್ಟಿಯನ್ನು ನೋಡಿ ಕಟ್ಟಿದವರು ಒಂದೇ ನಾಡಿನಲ್ಲಿ ಹುಟ್ಟಿದವರೂ ಅಲ್ಲ. ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 1882ರಲ್ಲಿ ಆರಂಭವಾದ ಒಂದು ಕ್ರೈಸ್ತ ದೇವಾಲಯದ ಕೆಲಸವನ್ನು ಮರುವರುಷ ಆಂಟೋನಿ ಗೌಡಿ ಎಂಬ ವಾಸ್ತುಶಿಲ್ಪಿಯು ವಹಿಸಿಕೊಂಡನು. ಕಂಬಗಳು ಮರಗಳಂತೆ ಮೇಲೇರಿ ಕವಲೊಡೆದು ಛಾವಣಿಯನ್ನು ಹೊರುವಂತೆ ಅವನು ಯೋಜಿಸಿದನು. ಒಳಗೆ ಹೊಕ್ಕವರಿಗೆ ಅಡವಿಯೊಳಗೆ ನಿಂತಂತೆ ತೋರುತ್ತದೆಂದು ನೋಡಿದವರು ಹೇಳುತ್ತಾರೆ. ಬಾಳಿನ ಕೊನೆಯ ವರುಷಗಳನ್ನು ಅವನು ಅದೊಂದೇ ಕೆಲಸಕ್ಕೆ ಸವೆಸಿದನು. 1926ರ ಜೂನಿನಲ್ಲಿ ಬೀದಿಯಲ್ಲಿ ಟ್ರಾಮಿಗೆ ಸಿಕ್ಕಿ ಬಿದ್ದಾಗ, ಅವನ ಹರಕು ಬಟ್ಟೆಯನ್ನು ನೋಡಿ ಜನರು ಭಿಕ್ಷುಕನೆಂದು ತಿಳಿದರು. ಬಡವರ ಆಸ್ಪತ್ರೆಗೆ ಸಾಗಿಸಲ್ಪಟ್ಟು ಮೂರು ದಿನಗಳಲ್ಲಿ ತೀರಿಕೊಂಡನು. ಇಡಿಯ ನಗರವು ಅವನ ಗುಡಿಯನ್ನು ತಲೆಯೆತ್ತಿ ನೋಡುತ್ತಿದ್ದಿತು. ಅದನ್ನು ಕಟ್ಟಿದವನ ಮೈಯು ಬೀದಿಯಲ್ಲಿ ಬಿದ್ದಿದ್ದಾಗ ಗುರುತಿಸಲಾರದೆ ಹೋಯಿತು. ಬಸವಣ್ಣನವರ ಮಾತು ಇದಕ್ಕಿಂತ ಸ್ಪಷ್ಟವಾಗಿ ಮತ್ತೆಲ್ಲಿ ಕಾಣಬೇಕು? ಕಲ್ಲಿನ ಗುಡಿಗೆ ಸಂದ ಮನ್ನಣೆಯು ನಡೆದಾಡುವ ಗುಡಿಗೆ ಸಲ್ಲಲಿಲ್ಲ.

ಇಷ್ಟಾದರೂ ಕಟ್ಟುವದೇ ತಪ್ಪೆಂದು ಶರಣರು ಹೇಳಿದರೆ? ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯು ಈ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಅವರು ಕೆರೆಯನ್ನು ತೋಡಿಸಿದರು, ಗುಡಿಗಳನ್ನು ಕಟ್ಟಿಸಿದರು, ಲೋಕೋಪಕಾರವೇ ಶಿವಯೋಗವೆಂದು ನಂಬಿದರು. ಸೊಲ್ಲಾಪುರದಲ್ಲಿ ಆ ಕೆರೆಯೂ ನೀರ ನಡುವಿನ ಸಿದ್ಧೇಶ್ವರ ಗುಡಿಯೂ ಇಂದಿಗೂ ಇವೆ. ಅಲ್ಲಿಗೆ ಅಲ್ಲಮಪ್ರಭುಗಳು ಪಥಿಕರಾಗಿ ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ಹೇಳುತ್ತದೆ. ಪ್ರಭುಗಳು ಕೆಲಸಗಾರರ ಎದುರಿಗೆ ಸಿದ್ಧರಾಮರನ್ನು ಕಲ್ಲುಮಣ್ಣಿನ ಒಡ್ಡನೆಂದು ಮೂದಲಿಸಿದರು; ಕೋಪವೂ ಕೋಲಾಹಲವೂ ಎದ್ದವು; ಕಡೆಗೆ ಸಿದ್ಧರಾಮರ ಒಳಗಣ್ಣು ತೆರೆಯಿತು. ಗಮನಿಸಬೇಕಾದ ಅಂಶವೇನೆಂದರೆ, ಕೆರೆಯನ್ನು ಮುಚ್ಚಿಸಿರೆಂದು ಪ್ರಭುಗಳು ಹೇಳಲಿಲ್ಲ. ಕೆರೆಯ ನೀರು ಬಾಯಾರಿದವರಿಗೆ ಸಲ್ಲುತ್ತಲೇ ಇದ್ದಿತು. ನಾನು ತೋಡಿಸಿದೆನೆಂಬ ನೆನಹು ಮಾತ್ರ ಬರಿದಾಯಿತು. ಕಾಯಕವು ಉಳಿದು ಕರ್ತೃತ್ವದ ಅಹಂಕಾರವು ಅಳಿಯಿತು. ಉಣಕಲ್ಲಿನ ಬಾಗಿಲಲ್ಲಿ ಬಳ್ಳಿಯನ್ನು ಬಿಡಿಸಿದವನು ಪ್ರಭುಗಳ ಉಪದೇಶವನ್ನು ಕೇಳಿದನೋ ಇಲ್ಲವೋ, ಆದರೆ ನೋಡುವವನಿಗೆ ಅಲ್ಲಿ ಬಳ್ಳಿ ಕಾಣುತ್ತದೆ, ಬಿಡಿಸಿದವನು ಕಾಣುವದಿಲ್ಲ. ತನ್ನನ್ನು ಹಿಂದಕ್ಕಿಟ್ಟು ಕಂಡುದನ್ನು ಮುಂದಿಡುವದೇ ಕಾಯಕದ ಶುದ್ಧರೂಪವಲ್ಲವೇ?

ಪಥಿಕನ ಕಥೆಗೆ ಮರಳಿದರೆ, ಅವನು ಒಳಗಿನ ಕಂಬಗಳನ್ನು ನೋಡಿ, ಕತ್ತೆತ್ತಿ ನೋಡಿ, ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನವು ಇಳಿದಿದೆ. ಗುಡಿಯ ಎದುರಿನ ಮನೆಯ ಅಂಗಳದಲ್ಲಿ ಬೆಳಿಗ್ಗೆ ಹಾಕಿದ ರಂಗೋಲಿಯ ತಾವರೆಯೊಂದು ಅರ್ಧಕ್ಕರ್ಧ ಅಳಿಸಿಹೋಗಿದೆ. ಓಡಾಡುವವರ ಕಾಲು, ಆಡುಕುರಿಗಳ ಗೊರಸು, ಗಾಳಿ ಎಲ್ಲವೂ ಅದರ ಮೇಲೆ ಹಾಯ್ದಿವೆ. ಕಟ್ಟೆಯ ಮೇಲೆ ಕುಳಿತು ಹೂ ಕಟ್ಟುತ್ತಿದ್ದ ಮುದುಕಿಯನ್ನು ಅವನು ಕೇಳುತ್ತಾನೆ:

“ಯವ್ವಾ, ಇಷ್ಟು ಚೆಂದನ್ನ ರಂಗೋಲಿ ತುಳದು ಅಳಿಸ್ಯಾರಲ್ಲ, ನಿಮಗ ಬ್ಯಾಸರ ಆಗೂದಿಲ್ಲೇನು?”

“ಬ್ಯಾಸರ ಯಾಕ ಯಪ್ಪಾ? ಮಂದಿ ಅಡ್ಡಾಡಲಿಕ್ಕಂತಽ ಅಂಗಳ ಐತಿ. ನಾಳಿ ಮುಂಜಾನೆ ಮತ್ತ ಹಾಕತೀನಿ. ನಮ್ಮವ್ವ ಹಾಕತಿದ್ಲು, ಈಗ ನಾ ಹಾಕತೀನಿ, ನಾಳಿಂದ ಸೊಸಿ ಹಾಕತಾಳ.”

“ಈ ಹೂವಿನ ಎಸಳು ಗುಡಿ ಒಳಗಿನ ಕಲ್ಲಿಂದು ನೋಡಿ ಕಲತದ್ದೇನವಾ?”

“ಕಲ್ಲಿಂದು ಯಾತಕ್ಕ ನೋಡಲಿ? ಹೂವು ಎಲ್ಲಿ ಇಲ್ಲ ಯಪ್ಪಾ?”

ಮುದುಕಿಯ ಮಾತು ಅಷ್ಟೇ. ಅವಳು ಮತ್ತೆ ದಾರಕ್ಕೆ ಹೂ ಪೋಣಿಸತೊಡಗುತ್ತಾಳೆ. ಆದರೆ ಪಥಿಕನು ಗುಡಿಯ ಬಾಗಿಲಲ್ಲಿ ಪಡೆದ ಬೆರಗಿಗೆ ಅರ್ಥವು ದೊರೆತುದು ಆ ಅಂಗಳದಲ್ಲಿ. ಒಂಬೈನೂರು ವರುಷ ಬಾಳಿದ ಕಲ್ಲಿನ ಎಸಳು ಒಮ್ಮೆ ಮುರಿದರೆ ಮರಳಿ ಚಿಗುರದು. ಒಂದು ದಿನವೂ ಬಾಳದ ರಂಗೋಲಿಯ ಎಸಳು ಅವ್ವನ ಕೈಯಿಂದ ಮಗಳ ಕೈಗೆ, ಅತ್ತೆಯ ಕೈಯಿಂದ ಸೊಸೆಯ ಕೈಗೆ ನಡೆದು ಬಂದಿದೆ, ಅಳಿಸಿದಷ್ಟೂ ಹೊಸತಾಗುತ್ತಿದೆ. ಸ್ಥಾವರ ಜಂಗಮಗಳ ಭೇದವನ್ನು ಪಂಡಿತರು ಹತ್ತು ಪುಟ ಬರೆದು ತಿಳಿಸುವದನ್ನು ಆ ತಾಯಿಯು ಹಿಟ್ಟಿನ ಗೆರೆಯಲ್ಲಿ ದಿನವೂ ಬರೆದು ತೋರಿಸುತ್ತಾಳೆ. ಹೂವು ಎಲ್ಲಿ ಇಲ್ಲ ಎಂಬ ಅವಳ ಪ್ರಶ್ನೆಯಲ್ಲಿ ಶಿಲ್ಪಿಯ ಗುರುವೂ ಅವಳ ಗುರುವೂ ಒಬ್ಬರೇ ಎಂಬ ತಿಳಿವಳಿಕೆಯಿದೆ. ಇಬ್ಬರೂ ಸೃಷ್ಟಿಯೆಂಬ ಒಂದೇ ಮಠದಲ್ಲಿ ಓದಿದವರು.

ಈಗ ರೂಪ, ರುಚಿ, ತೃಪ್ತಿಗಳ ಲೆಕ್ಕವನ್ನು ನೋಡಬಹುದು. ಬಾಗಿಲುವಾಡದ ಬಳ್ಳಿಯನ್ನು ಕಂಡು ಪಥಿಕನು ಬೆರಗಾದುದು ರೂಪ. ಆ ಬೆರಗಿನಲ್ಲಿ ವ್ಯಾಪಾರದ ಚಿಂತೆ, ಗಾಡಿಯ ಅವಸರ, ತನ್ನ ನಿಷ್ಠೆಯ ಬಗೆಗಿನ ಶಂಕೆ ಇವೆಲ್ಲ ಕರಗಿ ಮನಸ್ಸು ಒಂದೆಡೆ ನಿಂತುದು ರುಚಿ. ಬಹುಮಂದಿ ಪ್ರವಾಸಿಕರ ಪೂಜೆಯು ಇಲ್ಲಿಗೇ ಮುಗಿದುಹೋಗುತ್ತದೆ. ಒಂದು ಛಾಯಾಚಿತ್ರವನ್ನು ತೆಗೆದುಕೊಂಡು ಮುಂದಿನ ಊರಿಗೆ ನಡೆಯುತ್ತಾರೆ. ಭಾವಲಿಂಗಕ್ಕೆ ಮುಟ್ಟಬೇಕಾದ ತೃಪ್ತಿಯು ಬಾಕಿ ಉಳಿಯುತ್ತದೆ. ಕಲ್ಲಿನ ಬಳ್ಳಿಯನ್ನು ಕಂಡ ಕಣ್ಣು ಮರಳಿ ಬೇಲಿಯ ಬಳ್ಳಿಯನ್ನು ಹೊಸದಾಗಿ ಕಂಡಾಗ, ಗುಡಿಯ ಶಿರಪಾದಗಳನ್ನು ಕಂಡ ಕಣ್ಣು ಎದುರಿಗೆ ನಿಂತ ಮನುಷ್ಯನಲ್ಲಿ ಗುಡಿಯನ್ನು ಕಂಡಾಗ, ಆ ತೃಪ್ತಿಯು ಪೂರ್ಣವಾಗುತ್ತದೆ. ಹಾಗಾಗದಿದ್ದರೆ ನೋಟವು ಅರ್ಪಿತವಾಗದೆ ಉಳಿದ ಪದಾರ್ಥ. ಅನರ್ಪಿತವನ್ನು ಭಕ್ತನು ಸ್ವೀಕರಿಸಲಾಗದು.

ಈ ಮಾತು ಪಥಿಕನಿಗಿಂತ ಹೆಚ್ಚಾಗಿ ಊರವರಿಗೇ ಸಲ್ಲತಕ್ಕದ್ದು. ಉಣಕಲ್ಲಿನ ಗುಡಿಯಲ್ಲಿ ಕಲ್ಲಿನ ಪದ್ಮವನ್ನು ಕಾಯಲು ಇಲಾಖೆಯಿದೆ, ಕಾಯಿದೆಯಿದೆ, ಕಾಯಲೇಬೇಕು. ಅದೇ ಊರಿನ ಕೆರೆಯ ಗತಿಯೇನು? ಕೊಳಚೆಯು ಬಂದು ಸೇರಿ, ನೀರಿನ ಮೇಲೆ ಜಲಕಳೆಯು ಹಬ್ಬಿ, ತೆಗೆದಷ್ಟೂ ಬೆಳೆದು, ಉಣಕಲ್ಲಿನ ಕೆರೆಯು ಹಲವು ಸಲ ನೀರೇ ಕಾಣದಂತೆ ಹಸುರುಗಟ್ಟಿದುದನ್ನು ಹುಬ್ಬಳ್ಳಿಯ ಜನರು ಕಂಡಿದ್ದಾರೆ. ಹುಬ್ಬಳ್ಳಿ ಧಾರವಾಡಗಳ ನಡುವಿನ ದಾರಿಯನ್ನು ಅಗಲ ಮಾಡಿದಾಗ ಎಷ್ಟೋ ಹಳೆಯ ಮರಗಳು ಉರುಳಿದವು. ಅವುಗಳ ನೆರಳಿನಲ್ಲಿ ನಡೆದವರು ಇನ್ನೂ ಬದುಕಿದ್ದಾರೆ. ಕುಮುದವು ಗುಡಿಯ ಬುಡದಲ್ಲಿ ಉಳಿದು ಕೆರೆಯಲ್ಲಿ ಅಳಿದರೆ, ಶಾಖೆಯು ಬಾಗಿಲುವಾಡದಲ್ಲಿ ಉಳಿದು ದಾರಿಯ ಮಗ್ಗುಲಲ್ಲಿ ಅಳಿದರೆ, ಮುಂದೆ ಹುಟ್ಟುವ ಮಕ್ಕಳು ಆ ಹೆಸರುಗಳ ಅರ್ಥವನ್ನು ಯಾವದನ್ನು ನೋಡಿ ತಿಳಿಯಬೇಕು? ಮೂಲವು ಹೋದ ಮೇಲೆ ಪ್ರತಿಗೆ ಸಾಕ್ಷಿಯಿರದು. ಕಡ ಕೊಟ್ಟವರ ಮನೆಯನ್ನು ಹಾಳುಗೆಡವಿ ಕಡದ ಒಡವೆಯನ್ನು ತಿಜೋರಿಯಲ್ಲಿಟ್ಟು ಹೆಮ್ಮೆಪಟ್ಟಂತಾಗುವದು.

ಶರಣರ ಬದುಕಾದರೋ ಮೂಲದ ಕಡೆಗೆ ನಡೆದುಹೋದ ಬದುಕು. ಕಲ್ಯಾಣವು ಕಲಕಿಹೋದ ಬಳಿಕ ಚನ್ನಬಸವಣ್ಣನವರೂ ಅವರೊಡನಿದ್ದ ಶರಣಗಣವೂ ಸೇರಿದ್ದು ಸಹ್ಯಾದ್ರಿಯ ಅಡವಿಯೊಳಗಿನ ಉಳವಿಯನ್ನು. ಅಲ್ಲಿಯ ಗವಿಗಳಿಗೆ ಶರಣರ ಹೆಸರುಗಳು ಇಂದಿಗೂ ಅಂಟಿಕೊಂಡಿವೆ. ಅರಮನೆಯ ಬೀದಿಯಲ್ಲಿ ಅನುಭಾವ ನಡೆಸಿದವರಿಗೆ ಕಡೆಗೆ ಆಸರೆ ಕೊಟ್ಟುದು ಯಾವ ಶಿಲ್ಪಿಯೂ ಕಟ್ಟದ ಮನೆ. ಮಹಾದೇವಿಯಕ್ಕನವರು ಶ್ರೀಶೈಲದ ಕದಳಿಯ ದಾರಿಯಲ್ಲಿ ಮರಗಿಡಗಳನ್ನೂ ಹಕ್ಕಿಪಕ್ಕಿಗಳನ್ನೂ ಒಡಹುಟ್ಟಿದವರಂತೆ ಮಾತನಾಡಿಸಿ ತಮ್ಮ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ವಿಚಾರಿಸಿದರು. ಕೃಷ್ಣೆಯ ದಂಡೆಯಲ್ಲಿ ಅಕ್ಕನ ಹೆಸರಿನ ಗವಿಯ ಬಳಿ ಬಂಡೆಯೇ ಕಮಾನಾಗಿ ಬಾಗಿ ನಿಂತಿದೆ. ಶಿಲ್ಪಿಯು ಸೃಷ್ಟಿಯಿಂದ ಕಲಿತು ಗುಡಿಯನ್ನು ಕಟ್ಟಿದನು. ಶರಣರು ಆ ಸೃಷ್ಟಿಯೊಳಗೇ ಹೊಕ್ಕು ನೆಲಸಿದರು. ದಾರಿಯೊಂದೇ, ನಡೆದ ದೂರವು ಬೇರೆ.

ಆದ ಕಾರಣ ಲಿಂಗವಂತನು ಹಳೆಯ ಗುಡಿಯ ಬಾಗಿಲಲ್ಲಿ ನಿಲ್ಲಲು ಅಂಜಬೇಕಾಗಿಲ್ಲ. ಲಕ್ಕುಂಡಿಗೆ ಹೋಗಲಿ, ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯನ್ನೂ ಕಾಶಿವಿಶ್ವೇಶ್ವರನ ಬಾಗಿಲನ್ನೂ ನೋಡಲಿ. ಡಂಬಳಕ್ಕೆ ಹೋಗಿ, ಬುಡದಿಂದ ತುದಿಯವರೆಗೆ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಂತೆ ನಿಂತ ದೊಡ್ಡಬಸಪ್ಪನ ಗುಡಿಯ ಸುತ್ತ ನಡೆಯಲಿ. ಹೊತ್ತು ತಿರುಗಿದಂತೆ ನೆರಳುಬೆಳಕು ಆ ಮೂಲೆಗಳ ಮೇಲೆ ಆಡುವದನ್ನು ಕಾಣಲಿ. 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ, ಶಾಸನವು ದೇವಾಲಯ ಚಕ್ರವರ್ತಿಯೆಂದು ಹೊಗಳಿದ ಇಟಗಿಯ ಗುಡಿಯನ್ನು ನೋಡಲಿ. ನೋಡುವಾಗ ಕಟ್ಟಿಸಿದವನ ಸಿರಿಗಿಂತ ಕಡೆದವನ ತಾಳ್ಮೆಯನ್ನು ನೆನೆಯಲಿ. ಕಡೆದವನಿಗಿಂತ ಅವನಿಗೆ ಕಲಿಸಿದ ಬಳ್ಳಿಯನ್ನೂ ಹಕ್ಕಿಯನ್ನೂ ನೆನೆಯಲಿ. ಅವೆಲ್ಲಕ್ಕೂ ಉಸಿರಾದ ಶಿವನನ್ನು ತನ್ನ ಅಂಗೈಯಲ್ಲಿ ಕಾಣಲಿ. ಹೀಗೆ ಒಂದರಿಂದ ಒಂದಕ್ಕೆ ಏರಿದ ನೋಟವು ಎಲ್ಲಿಯೂ ಸಿಕ್ಕಿಬೀಳದು.

ತಿರುಗಿ ಬಂದ ಮೇಲೆ ಮಾಡಬೇಕಾದ ಕೆಲಸವು ಇನ್ನೂ ದೊಡ್ಡದು. ಮನೆಯ ಮುಂದಿನ ಮರಕ್ಕೆ ಒಂದು ಕೊಡ ನೀರು, ಊರ ಕೆರೆಗೆ ಕೊಳಚೆ ಹರಿಯದಂತೆ ಒಂದು ಎಚ್ಚರ, ದಾರಿಯಲ್ಲಿ ಬಿದ್ದ ಬಡವನ ಮೈಯನ್ನು ಎತ್ತಿ ಕೂಡಿಸುವ ಎರಡು ಕೈ, ಇವೇ ನಡೆದಾಡುವ ಗುಡಿಗೆ ಮಾಡತಕ್ಕ ಪೂಜೆ. ಇವನ್ನು ಮಾಡಲು ಸಿರಿವಂತಿಕೆ ಬೇಡ, ಶಾಸನ ಬೇಡ, ಉಳಿಸುತ್ತಿಗೆಗಳೂ ಬೇಡ. ಪಥಿಕನ ಕಣ್ಣು, ಶಿಲ್ಪಿಯ ತಾಳ್ಮೆ, ನಾಳೆ ಮತ್ತೆ ಹಾಕುವೆನೆಂಬ ಆ ತಾಯಿಯ ಸಮಾಧಾನ ಇಷ್ಟಿದ್ದರೆ ಸಾಕು. ಶರಣರ ಕೃಪೆಯಿಂದ ಎಲ್ಲ ಭಕ್ತಬಂಧುಗಳಿಗೂ ಅಂಥ ನೋಟವು ಲಭಿಸಲಿ. ಕಂಡುದೆಲ್ಲವೂ ಅರ್ಪಿತವಾಗಿ, ಅರ್ಪಿತವಾದುದೆಲ್ಲವೂ ಪ್ರಸಾದವಾಗಿ ಒದಗಲಿ. ಶರಣು ಶರಣಾರ್ಥಿ.